ಅಂಗಡಿ ಮುಂದೆ ನಿಂತು ತಿನ್ನು

ಪುಟ್ಟಿ,

ನೀನು ಕಳಿಸಿದ ಪಟ್ಟಿ ನೋಡಿದೆ. ಟೋಕಿಯೋಗೆ ಇಳಿದ ಮೊದಲ ಶನಿವಾರ, ಭಾನುವಾರಕ್ಕೇ ಆರು ಬೀದಿ, ಹದಿನಾಲ್ಕು ತಿಂಡಿ! ಒಂದೊಂದರ ಪಕ್ಕದಲ್ಲೂ ಯಾರೋ ಮಾಡಿದ ವಿಡಿಯೋದ ಕೊಂಡಿ ಬೇರೆ. ಓದುತ್ತ ಓದುತ್ತ ನನಗೇ ಅಜೀರ್ಣವಾದ ಹಾಗಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು ನಾನು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಮುಗಿಸುತ್ತೇನೆ ಅಂತ ಕೂರುವ ಮಕ್ಕಳ ಮುಖ ಚೆನ್ನಾಗಿ ಗೊತ್ತು. ನಿನ್ನ ಪಟ್ಟಿಗೂ ಅದೇ ಮುಖ.

ಹೊರಡೋದಕ್ಕೆ ಇನ್ನೂ ಒಂಬತ್ತು ದಿನ ಇದೆಯಲ್ಲ. ಫೋನಿನಲ್ಲಿ ಹೇಳಿದರೆ "ಹ್ಞೂಂ ಅಜ್ಜಿ, ಹ್ಞೂಂ ಅಜ್ಜಿ" ಅಂತ ಇನ್ನೊಂದು ಕಿವಿಯಿಂದ ಬಿಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಾವ ನಿಶಿ-ಕಸಾಯ್‌ನಲ್ಲಿ ಮನೆ ಮಾಡಿದ್ದಾಗ ಎರಡು ಸಲ ಹೋಗಿ ಮೂರು ಮೂರು ತಿಂಗಳು ಇದ್ದು ಬಂದವಳು ನಾನು. ನಮ್ಮ ದೇಶದವರು ತುಂಬ ಇರುವ ಬಡಾವಣೆ ಅದು. ತೊಗರಿಬೇಳೆಗೂ ಕರಿಬೇವಿಗೂ ಪರದಾಡಬೇಕಾಗಿರಲಿಲ್ಲ. ಆದರೆ ಮಗ, ಸೊಸೆ ಬೆಳಿಗ್ಗೆ ಮನೆ ಬಿಟ್ಟರೆ ಬರುತ್ತಿದ್ದದ್ದು ರಾತ್ರಿಗೇ. ಮೊದಲ ಎರಡು ವಾರ ಕಿಟಕಿಯಲ್ಲಿ ಕೂತು ಮೇಲ್ಸೇತುವೆಯ ಮೇಲೆ ಹೋಗುವ ರೈಲು ಎಣಿಸಿದೆ. ಮೂರನೇ ವಾರ ಬೇಸರ ತಡೆಯದೆ ಛತ್ರಿ ತಗೊಂಡು ಹೊರಟು ಒಂದೇ ಒಂದು ಸ್ಟೇಷನ್ ಆಚೆ, ಮಿನಾಮಿ-ಸುನಾಮಾಚಿಯಲ್ಲಿ ಇಳಿದು, ಕಾಲು ಹೋದ ಕಡೆ ನಡೆದೆ. ಇಪ್ಪತ್ತು ನಿಮಿಷಕ್ಕೆ ಒಂದು ಬೀದಿ ಸಿಕ್ಕಿತು. ನಿನ್ನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಸುನಾಮಾಚಿ ಗಿಂಜಾ ಅಂತ ಅದರ ಹೆಸರು. ಉದ್ದ ಹೆಚ್ಚುಕಡಿಮೆ 670 ಮೀಟರು, ಅಂಗಡಿ ಸುಮಾರು 180. ಅಗಲ ನಮ್ಮ ದೇವರಾಜ ಮಾರುಕಟ್ಟೆಯ ಒಳದಾರಿಗಿಂತ ತುಸು ಜಾಸ್ತಿ ಅನ್ನಬಹುದು. ಇಂಥ ಅಂಗಡಿಬೀದಿಗೆ ಅವರು ಶೋತೆನ್‌ಗಾಯ್ ಅಂತಾರೆ. ಗಿಂಜಾ ಅಂದರೆ ಟೋಕಿಯೋದ ಸಿರಿವಂತರ ಪೇಟೆಯಲ್ಲವಾ, ಈ ಬಡಬೀದಿಗೆ ಆ ಹೆಸರು ಯಾಕೆ ಅಂತ ನಿನ್ನ ಮಾವನನ್ನು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು. 1923ರ ಭೂಕಂಪದಲ್ಲಿ ಅಸಲಿ ಗಿಂಜಾದ ಇಟ್ಟಿಗೆಯೆಲ್ಲ ಉದುರಿ ಬಿದ್ದಿತ್ತು. ಊರಿನ ಇನ್ನೊಂದು ತುದಿಯ ತೊಗೋಶಿ ಅನ್ನುವಲ್ಲಿನ ಅಂಗಡಿಯವರು ಆ ಇಟ್ಟಿಗೆ ತಂದು ತಮ್ಮ ಕೆಸರು ಬೀದಿಗೆ ಹಾಸಿಕೊಂಡರು. ಇಟ್ಟಿಗೆಯ ಜೊತೆ ಹೆಸರನ್ನೂ ತಂದುಕೊಂಡರು. ಅಲ್ಲಿಂದ ಮುಂದೆ ಊರೆಲ್ಲ ಗಿಂಜಾಗಳು.

ನಿನ್ನ ಪಟ್ಟಿಯ ಮೇಲೆ "ಹಳೇ ಕಾಲದ ಬೀದಿಗಳು" ಅಂತ ಬರೆದಿದ್ದೀಯ. ಅಲ್ಲೊಂದು ಮಾತು ತಿಳಿದುಕೋ. ಸುನಾಮಾಚಿಯಲ್ಲಿ ಹಳೇ ಕಾಲದ ಕಟ್ಟಡ ಹುಡುಕಬೇಡ, ಸಿಗುವುದಿಲ್ಲ. 1945ರ ಮಾರ್ಚ್ 10ರ ಒಂದೇ ರಾತ್ರಿಯಲ್ಲಿ ಬೆಂಕಿ ಬಾಂಬು ಬಿದ್ದು ಆ ಸೀಮೆಯೆಲ್ಲ ಬೂದಿಯಾಯಿತು. ಟೋಕಿಯೋದಲ್ಲಿ ಆ ರಾತ್ರಿ ಸತ್ತವರು ಸುಮಾರು ಒಂದು ಲಕ್ಷ. ಆ ಬೀದಿಗೆ ಹತ್ತಿರದಲ್ಲೇ, ಕಿತಾಸುನಾದಲ್ಲಿ, ಅದನ್ನೆಲ್ಲ ನೆನಪಿಟ್ಟು ಕಾಪಾಡುವ ಒಂದು ಪುಟ್ಟ ಸಂಗ್ರಹಾಲಯ ಇದೆ. ಜನರೇ ಹಣ ಕೂಡಿಸಿ 2002ರಲ್ಲಿ ಕಟ್ಟಿದ್ದು. ಹೊಟ್ಟೆಗೆ ಹಾಕಿಕೊಳ್ಳುವ ಮೊದಲು ಅಲ್ಲಿಗೆ ಹೋಗಿ ಬಾ, ಆಮೇಲೆ ಆಗುವುದಿಲ್ಲ. ನಾನು ಹಿಂದುಮುಂದು ಮಾಡಿ ಕೆಟ್ಟೆ.

ಅಂದಮೇಲೆ ಅಲ್ಲಿ ಹಳತು ಯಾವುದು? ಮೀನಿನವನು ಗಿರಾಕಿಯನ್ನು ಕೂಗುವ ರಾಗ ಹಳತು. ಉಪ್ಪಿನಕಾಯಿಯವಳು ಮೊದಲು ಒಂದು ಹೋಳು ಅಂಗೈಗೆ ಹಾಕಿ "ರುಚಿ ನೋಡು" ಅನ್ನುವುದು ಹಳತು. ಸೊಂಟ ಬಾಗಿದ ಹೆಂಗಸರು ತಳ್ಳುಗಾಡಿಯಂಥ ಚೀಲ ದೂಡಿಕೊಂಡು ದಿನವೂ ಅದೇ ನಾಲ್ಕು ಅಂಗಡಿಗೆ ಬರುವುದು ಹಳತು. ಗೋಡೆ ಸುಟ್ಟುಹೋದರೂ ಅಭ್ಯಾಸ ಸುಟ್ಟಿರಲಿಲ್ಲ.

ಯಾನಾಕಾ ನಿನ್ನ ಪಟ್ಟಿಯಲ್ಲಿ ಮೊದಲಿಗಿದೆ. ಬೇಡ ಅನ್ನುವುದಿಲ್ಲ, ಹೋಗು. ಭೂಕಂಪದಿಂದಲೂ ಬಾಂಬಿನಿಂದಲೂ ಬಹುಪಾಲು ಪಾರಾದ ಕೇರಿ ಅದು. ಗುಡಿಗಳು, ಗಲ್ಲಿಗಳು, ಹಳೇ ಮರದ ಮನೆಗಳು ಇವೆ. ಸಂಜೆ ಬಿಸಿಲು ನೋಡುವುದಕ್ಕೆಂದೇ ಹೆಸರಾದ ಮೆಟ್ಟಿಲೂ ಇದೆ. ಅದರ ಕೆಳಗಿನ ಅಂಗಡಿಬೀದಿ 170 ಮೀಟರು ಅಷ್ಟೆ. ಈಗ ಅಲ್ಲಿ ಕೊಳ್ಳುವವರಿಗಿಂತ ಫೋಟೋ ಹೊಡೆಯುವವರು ಹೆಚ್ಚು. ಒಮ್ಮೆ ಬೆಳಿಗ್ಗೆ ಬೇಗ ಹೋಗಿ ಸ್ಮಶಾನದ ಪಕ್ಕದ ದಾರಿಯಲ್ಲಿ ನಡೆದು ಬಾ, ಸಾಕು.

ಸುನಾಮಾಚಿಗೆ ಹೋಗುವುದಾದರೆ ಮಧ್ಯಾಹ್ನ ಮೂರರಿಂದ ಐದರ ಒಳಗೆ ಹೋಗು. ಅದು ಮನೆಯವರು ರಾತ್ರಿಯ ಊಟಕ್ಕೆ ಪಲ್ಯ, ಕರಿದದ್ದು ಎಲ್ಲ ಕೊಂಡೊಯ್ಯುವ ಹೊತ್ತು. ಒಸೋಜೈ ಅಂತಾರೆ, ಅನ್ನದ ಜೊತೆ ನಂಜಿಕೊಳ್ಳುವ ಸಿದ್ಧ ವ್ಯಂಜನಗಳಿಗೆ. ಬೇಯಿಸಿದ ಕುಂಬಳ, ಕರಿದ ಬದನೆ, ಎಳ್ಳು ಹಚ್ಚಿದ ಸೊಪ್ಪು, ಕೊರೊಕ್ಕೆ ಅನ್ನುವ ಕರಿದ ಆಲೂಗಡ್ಡೆ ಬಿಲ್ಲೆ. ನೀನು ಯಾವುದನ್ನು ಬೀದಿ ತಿಂಡಿ ಅಂತ ಬರೆದುಕೊಂಡಿದ್ದೀಯೋ ಅದರಲ್ಲಿ ಅರ್ಧಕ್ಕರ್ಧ ಯಾರದೋ ಮನೆಯ ಊಟ, ಪುಟ್ಟಿ. ಇಬ್ಬರು ಹೆಂಗಸರು ಸಂಜೆಯ ಅಡುಗೆಗೆ ಸಾಲಿನಲ್ಲಿ ನಿಂತಿರುವಾಗ ನೀನು ಮುಂದೆ ನಿಂತು ಹತ್ತು ಕೋನದಿಂದ ಕೊರೊಕ್ಕೆಯ ವಿಡಿಯೋ ಮಾಡಿದರೆ, ಅವರು ಏನೂ ಅನ್ನುವುದಿಲ್ಲ. ಅದೇ ತೊಂದರೆ, ಅವರು ಏನೂ ಅನ್ನುವುದಿಲ್ಲ. ನಮ್ಮ ಕಡೆಯಾಗಿದ್ದರೆ "ಏನಮ್ಮ, ತಗೋತೀಯೋ ಇಲ್ಲ ನೋಡ್ತಾ ನಿಂತಿರ್ತೀಯೋ" ಅಂದುಬಿಡುತ್ತಿದ್ದರು, ನಿನಗೂ ತಿಳಿಯುತ್ತಿತ್ತು. ಅಲ್ಲಿ ನೀನೇ ತಿಳಿದುಕೊಳ್ಳಬೇಕು.

ನನಗೆ ತಿಳಿದದ್ದು ಹೇಗೆ ಅಂತ ಹೇಳುತ್ತೇನೆ. ನಗಬೇಡ.

ಸುಗಾಮೊ ಅನ್ನುವಲ್ಲಿ ಒಂದು ಬೀದಿ ಇದೆ, ಮುಕ್ಕಾಲು ಕಿಲೋಮೀಟರಿಗೂ ಉದ್ದ. ಹರಾಜುಕು ಅನ್ನುವುದು ಹುಡುಗ ಹುಡುಗಿಯರು ಬಣ್ಣಬಣ್ಣದ ಬಟ್ಟೆ ಹಾಕಿಕೊಂಡು ಮೆರೆಯುವ ಪೇಟೆಯಂತೆ. ಸುಗಾಮೊಗೆ 'ಅಜ್ಜಿಯರ ಹರಾಜುಕು' ಅಂತ ಅಡ್ಡಹೆಸರು. ಅಲ್ಲಿನ ದೇವರು ಮುಳ್ಳು ಕೀಳುವ ಜಿಜೋ. ಜಿಜೋ ಅಂದರೆ ಬೌದ್ಧರ ಕ್ಷಿತಿಗರ್ಭ. ಸೂಜಿ ನುಂಗಿದ ಒಬ್ಬಳು ಹೆಣ್ಣಾಳಿಗೆ ಆ ದೇವರ ಚಿತ್ರದ ಚೀಟಿಯನ್ನು ನೀರಿನಲ್ಲಿ ಕುಡಿಸಿದಾಗ ಸೂಜಿ ಹೊರಗೆ ಬಂತು ಅಂತ ಸ್ಥಳದ ಕಥೆ. ಮಂಡಿನೋವಿನವರೆಲ್ಲ ಬರುತ್ತಾರೆ. 4, 14, 24ನೇ ತಾರೀಖು ಜಾತ್ರೆ, ಬೀದಿ ತುಂಬ ತಾತ್ಕಾಲಿಕ ಅಂಗಡಿಗಳು. ನಾನೂ ಒಂದು 14ನೇ ತಾರೀಖು ಹೋದೆ, ನನ್ನ ಮಂಡಿಯನ್ನೂ ಕರೆದುಕೊಂಡು.

ಅಲ್ಲಿ ಮಿತರಾಶಿ ದಂಗೊ ಕೊಂಡೆ. ಅಕ್ಕಿಹಿಟ್ಟಿನ ಉಂಡೆಗಳನ್ನು ಬಿದಿರುಕಡ್ಡಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಟ್ಟು, ಸೋಯಾ ಸಾಸು, ಸಕ್ಕರೆ ಸೇರಿಸಿ ಕುದಿಸಿದ ಗಟ್ಟಿ ಪಾಕದಲ್ಲಿ ಅದ್ದಿ ಕೊಡುತ್ತಾರೆ. ಉಪ್ಪು, ಸಿಹಿ ಎರಡೂ ಒಟ್ಟಿಗೇ ನಾಲಿಗೆಗೆ ತಾಗುತ್ತೆ. ಮೊದಲ ಉಂಡೆ ಬಾಯಿಗೆ ಹೋದದ್ದೇ ತಡ, ಖುಷಿಯಲ್ಲಿ ಕಡ್ಡಿ ಹಿಡಿದುಕೊಂಡು ನಡೆಯತೊಡಗಿದೆ. ನಾವು ಜಾತ್ರೆಯಲ್ಲಿ ಕಡಲೆಪುರಿ ತಿನ್ನುತ್ತ ನಡೆಯುವುದಿಲ್ಲವೇ? ಹತ್ತು ಹೆಜ್ಜೆ ಹಾಕಿರಲಿಲ್ಲ, ಎದುರಿಗೆ ಬಂದ ಒಬ್ಬ ಮುದುಕಿಗೆ ತಾಗಿದೆ. ಪಾಕವೆಲ್ಲ ಆಕೆಯ ತೋಳಿನ ಮೇಲೆ. ತಿಳಿ ಬೂದುಬಣ್ಣದ ಒಳ್ಳೇ ಕೋಟು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ಮಾತ್ರ "ಸುಮಿಮಾಸೆನ್, ಸುಮಿಮಾಸೆನ್" ಅಂತ ತಾನೇ ತಪ್ಪು ಮಾಡಿದ ಹಾಗೆ ನನಗೆ ತಲೆಬಾಗಿಸುತ್ತಿದ್ದಾಳೆ! ಕೈಚೀಲದಿಂದ ನೀಲಿ ಹೂವಿನ ಒಂದು ತೆಳು ಬಟ್ಟೆ ತೆಗೆದು ಮೊದಲು ನನ್ನ ಬೆರಳು ಒರೆಸಿದಳು. ಆಮೇಲೆ ತನ್ನ ತೋಳು. ಆಮೇಲೆ ನನ್ನ ಮುಂಗೈ ಹಿಡಿದು, ಮಗುವನ್ನು ಕರೆದೊಯ್ದ ಹಾಗೆ, ನಾನು ಕೊಂಡ ಅಂಗಡಿಯ ಪಕ್ಕಕ್ಕೇ ವಾಪಸು ಕರೆತಂದು ನಿಲ್ಲಿಸಿದಳು. ಅಲ್ಲೊಂದು ಚಿಕ್ಕ ಬೆಂಚು, ಕಡ್ಡಿ ಹಾಕುವ ಡಬ್ಬ. ತಾನೂ ಒಂದು ಕಡ್ಡಿ ಕೊಂಡು ನನ್ನ ಜೊತೆಗೇ ತಿಂದಳು. ಭಾಷೆ ಇಲ್ಲ. ಉಂಡೆ ತೋರಿಸಿ ನಕ್ಕಳು, ನಾನೂ ನಕ್ಕೆ. ಮುಗಿದ ಮೇಲೆ ಕಡ್ಡಿಯನ್ನು ಅಂಗಡಿಯವನ ಡಬ್ಬಕ್ಕೆ ಹಾಕಿ, ನಾನೂ ಹಾಕುವವರೆಗೆ ಕಾದು, ಹೊರಟುಹೋದಳು. ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಹಿಂದೆ ಓಡಿ ಕೊಡಲು ಹೋದರೆ ಎರಡೂ ಕೈ ಅಡ್ಡ ಆಡಿಸಿ ಬೇಡ ಅಂದಳು.

ಅವತ್ತಿನಿಂದ ನಾನು ಅಲ್ಲಿ ಯಾವುದನ್ನೂ ನಡೆಯುತ್ತ ತಿನ್ನಲಿಲ್ಲ. ನೀನೂ ತಿನ್ನಬೇಡ. ಕೊಂಡ ಅಂಗಡಿಯ ಮುಂದೆಯೇ ನಿಲ್ಲು, ತಿಂದು ಮುಗಿಸು, ಕಡ್ಡಿ ಕಾಗದ ಅವರಿಗೇ ಕೊಡು, ಆಮೇಲೆ ಹೆಜ್ಜೆ ಎತ್ತು. ಇದು ಹಳಬರ ಮಡಿ ಅಂದುಕೊಳ್ಳಬೇಡ. ಅಸಾಕುಸಾದ ದೊಡ್ಡ ಗುಡಿಯ ಮುಂದಿನ ಬೀದಿಯಲ್ಲಿ ಅಂಗಡಿಯವರೇ ಹಾಗೆ ಕೇಳಿಕೊಳ್ಳುತ್ತಾರೆ. ಕಾಮಾಕುರಾ ನಗರದವರು 2019ರಲ್ಲಿ ನಿಯಮವನ್ನೇ ಮಾಡಿದರು, ದಂಡ ಇಲ್ಲದ ನಿಯಮ. ಗದ್ದಲದಲ್ಲಿ ತಿನ್ನುತ್ತ ನಡೆದು ಬೇರೆಯವರ ಬಟ್ಟೆ ಕೆಡಿಸಬೇಡಿ ಅಂತ. ಅದನ್ನು ಓದಿದಾಗ ನನ್ನ ಬಗ್ಗೆಯೇ ಬರೆದಂತಿತ್ತು. ಇನ್ನು ಬೀದಿಯಲ್ಲಿ ಕಸದ ಡಬ್ಬ ಹುಡುಕಿದರೂ ಸಿಗುವುದಿಲ್ಲ. 1995ರಲ್ಲಿ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟರಲ್ಲ, ಆಮೇಲೆ ಎಷ್ಟೋ ಕಡೆ ಡಬ್ಬ ತೆಗೆದುಹಾಕಿದರು. ಬ್ಯಾಗಿನಲ್ಲಿ ಒಂದು ಖಾಲಿ ಕವರು ಇಟ್ಟುಕೋ.

ನಿಂತು ತಿನ್ನುವುದು ಅವರಿಗೆ ಹೊಸದಲ್ಲ. ಟೋಕಿಯೋ ಹಿಂದೆ ಎದೋ ಆಗಿದ್ದಾಗ, 1657ರಲ್ಲಿ ಮಹಾ ಬೆಂಕಿ ಬಿದ್ದು ಊರು ಸುಟ್ಟಿತು. ಮತ್ತೆ ಕಟ್ಟುವುದಕ್ಕೆ ಬಡಗಿಗಳು, ಗಾರೆಯವರು, ಕೂಲಿಯವರು ಹಳ್ಳಿಗಳಿಂದ ಬಂದು ತುಂಬಿದರು. ಹೆಂಡತಿ ಇಲ್ಲ, ಒಲೆ ಇಲ್ಲ, ಒಂಟಿ ಗಂಡಸರು. ಅವರ ಹೊಟ್ಟೆಗೆಂದೇ ಬೀದಿ ಅಂಗಡಿ ಬೆಳೆದವು. ಟೆಂಪುರಾ ಅಂತ ಕರಿದದ್ದನ್ನು ಈಗ ಬಿಳಿ ಮೇಜುಬಟ್ಟೆಯ ಮೇಲೆ ಬಡಿಸುತ್ತಾರಲ್ಲ, ಅದೂ ಬೀದಿಯಲ್ಲಿ ಕಡ್ಡಿಗೆ ಚುಚ್ಚಿ ಮಾರುತ್ತಿದ್ದದ್ದೇ. ಮರದ ಮನೆಯೊಳಗೆ ಎಣ್ಣೆ ಬಾಣಲಿ ಇಟ್ಟರೆ ಬೆಂಕಿಯ ಭಯ. ಸೋಬಾ ಶಾವಿಗೆಯ ಬಟ್ಟಲಿಗೆ ಆಗಿನ ಕಾಸಿನಲ್ಲಿ 16 ಮೋನ್ ದರ. ಗಿರಾಕಿ ಬಂದ, ನಿಂತ, ತಿಂದ, ಬಾಯಿ ಒರೆಸಿಕೊಂಡು ಹೋದ. ಮಾಡಿದವನ ಕಣ್ಣೆದುರೇ ಮುಗಿಯುತ್ತಿತ್ತು.

ದಂಗೊ ವಿಷಯಕ್ಕೆ ಇನ್ನೊಂದು. ಕ್ಯೋಟೋ ಕಡೆ ಕಡ್ಡಿಗೆ ಐದು ಉಂಡೆ, ಟೋಕಿಯೋದಲ್ಲಿ ನಾಲ್ಕೇ. ಯಾಕೆ ಗೊತ್ತಾ? ಮೊದಲು ಎದೋದಲ್ಲೂ ಐದೇ ಇತ್ತು, ಉಂಡೆಗೊಂದು ಮೋನ್. 1768ರಲ್ಲಿ ಸರ್ಕಾರ ನಾಲ್ಕು ಮೋನಿನ ಒಂದೇ ನಾಣ್ಯ ತಂದಿತು. ಗದ್ದಲದಲ್ಲಿ ಜನ ಆ ಒಂದು ನಾಣ್ಯ ಎಸೆದು ಐದುಂಡೆಯ ಕಡ್ಡಿ ಎತ್ತಿಕೊಂಡು ಹೋಗತೊಡಗಿದರು. ಅಂಗಡಿಯವರು ಜಗಳ ಕಾಯಲಿಲ್ಲ, ಒಂದು ಉಂಡೆ ಕಿತ್ತುಹಾಕಿದರು. ಹೀಗಂತ ಪ್ರತೀತಿ. ನಾನು ಪಾಠ ಹೇಳುವಾಗ ಇದು ಗೊತ್ತಿದ್ದರೆ ಹಣದ ಚರಿತ್ರೆಯನ್ನು ಒಂದು ಕಡ್ಡಿಯಲ್ಲಿ ಮುಗಿಸುತ್ತಿದ್ದೆ.

ಈಗ ನಿನ್ನ ಅಮ್ಮನ ಚಿಂತೆಗೆ ಬರುತ್ತೇನೆ. "ಅಲ್ಲಿ ಇವಳು ಏನು ತಿಂತಾಳೆ?" ಅಂತ ದಿನಕ್ಕೆ ಎರಡು ಸಲ ಫೋನು. ಉಪವಾಸ ಬೀಳುವುದಿಲ್ಲ ಅಂತ ಹೇಳು. ಆದರೆ ಕಣ್ಣಿಗೆ ತರಕಾರಿ ಕಂಡಮಾತ್ರಕ್ಕೆ ನಂಬಬೇಡ. ಚಳಿಗಾಲದಲ್ಲಿ ಸುನಾಮಾಚಿಯ ಒಂದು ಅಂಗಡಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಓದೆನ್ ಕುದಿಯುತ್ತಿತ್ತು. ಬೆಂದು ಹೊನ್ನಿನ ಬಣ್ಣಕ್ಕೆ ತಿರುಗಿದ ಮೂಲಂಗಿಯ ದಪ್ಪ ಬಿಲ್ಲೆ. ಮೂಲಂಗಿ ತಾನೇ ಅಂತ ಎರಡು ವಾರ ತಿಂದೆ. ಅಂಥ ರುಚಿ ನಮ್ಮ ಹುಳಿಯ ಮೂಲಂಗಿಗೆ ಯಾಕೆ ಬರುವುದಿಲ್ಲ ಅಂತ ಸೊಸೆಯ ಮುಂದೆ ಹಾಡಿ ಹೊಗಳಿದೆ. ಅವಳು ಮೆಲ್ಲಗೆ ಹೇಳಿದಳು, "ಅತ್ತೆ, ಅದು ಮೀನಿನ ಸಾರು." ದಶಿ ಅಂತಾರೆ. ಒಣಗಿಸಿ ಹೊಗೆ ಹಾಕಿದ ಮೀನನ್ನು ಮರದ ಸಿಪ್ಪೆಯ ಹಾಗೆ ಹೆರೆದು ನೀರಿಗೆ ಹಾಕಿ ತೆಗೆದ ರಸ. ಆ ಮೀನುಸಿಪ್ಪೆಯ ಹೆಸರು ಕತ್ಸುಒಬುಶಿ. ಅವರ ಅಡುಗೆಯಲ್ಲಿ ಅದು ನಮ್ಮ ಒಗ್ಗರಣೆ ಇದ್ದಹಾಗೆ, ಎಲ್ಲದರಲ್ಲೂ ಇರುತ್ತೆ, ಎಲ್ಲೂ ಕಾಣುವುದಿಲ್ಲ. ನನ್ನ ಎರಡು ವಾರದ ಪಾಪ ಯಾವ ಲೆಕ್ಕಕ್ಕೆ ಹೋಯಿತೋ. ತಪ್ಪು ಅಂಗಡಿಯವನದಲ್ಲ, ಕೇಳದೇ ತಿಂದ ನನ್ನದು.

ಹಾಗೇ ಮಾಂಸದಂಗಡಿಯವರು ಕರಿಯುವ ಆಲೂ ಕೊರೊಕ್ಕೆ. ಆಲೂಗಡ್ಡೆಯೇ ಆದರೂ ಒಳಗೆ ಒಂದಿಷ್ಟು ಕೈಮಾ ಬೆರೆತಿರುತ್ತೆ, ಕರಿಯುವುದು ಹಂದಿ ಕೊಬ್ಬಿನಲ್ಲಿ. ಆ ಘಮ ಬೀದಿಯ ತುದಿಯಿಂದಲೇ ಎಳೆಯುತ್ತೆ, ನಾನೇನು ಸುಳ್ಳು ಹೇಳಲಿ. ನೀನು ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು, ಇಪ್ಪತ್ತನಾಲ್ಕು ವರ್ಷ ಆಯಿತು ನಿನಗೆ. ಆದರೆ ಏನು ಅಂತ ಗೊತ್ತಿದ್ದು ತಿನ್ನು. "ಕತ್ಸುಒಬುಶಿ ಹೈತ್ತೆ ಇಮಸು ಕಾ?" ಅಂದರೆ ಮೀನುಸಿಪ್ಪೆ ಇದೆಯಾ ಅಂತ. ಬಾಯಿಪಾಠ ಮಾಡು. ಕೇಳಿದರೆ ಅವರು ಬೇಸರಿಸುವುದಿಲ್ಲ, ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿ ಬಂದು ಹೇಳುತ್ತಾರೆ.

ನಿಶ್ಚಿಂತೆಯಾಗಿ ತಿನ್ನುವುದಕ್ಕೂ ಬೇಕಾದಷ್ಟಿದೆ. ಅಂಕೊ ಅಂತ ಒಂದಿದೆ, ಅಜುಕಿ ಅನ್ನುವ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಮಗುಚಿದ್ದು. ಮೊದಲ ಸಲ ಬಾಯಿಗೆ ಇಟ್ಟಾಗ ನಾನು ಮನೆಗೇ ಬಂದುಬಿಟ್ಟೆ. ಹೂರಣ! ಏಲಕ್ಕಿ ಇಲ್ಲದ ಹೂರಣ. ನುಣ್ಣಗೆ ಅರೆದು ಸೋಸಿದ್ದು ಒಂದು ಬಗೆ, ಕಾಳು ಅಲ್ಲಲ್ಲಿ ಸಿಗುವ ಹಾಗೆ ಬಿಟ್ಟದ್ದು ಇನ್ನೊಂದು. ಯಾವುದು ಮೇಲು ಅಂತ ಅವರಲ್ಲಿ ಮನೆಮನೆಯಲ್ಲೂ ವಾದ ಇದೆ. ನಾನು ಕಾಳಿನ ಕಡೆ. ಈ ಹೂರಣವನ್ನು ಮೆತ್ತನೆ ಅಕ್ಕಿಹಿಟ್ಟಿನ ಮೋಚಿಯೊಳಗೆ ತುಂಬಿದರೆ ದೈಫುಕು. ಸುಗಾಮೊದಲ್ಲಿ ಉಪ್ಪು ಹಾಕಿದ ದೈಫುಕು ಮಾಡುತ್ತಾರೆ. ಸಿಹಿಗೆ ಚಿಟಿಕೆ ಉಪ್ಪು ಬೇಕು ಅಂತ ನಿನ್ನ ಮುತ್ತಜ್ಜಿ ಹೇಳುತ್ತಿದ್ದದ್ದು ಅವರಿಗೂ ಯಾರೋ ಹೇಳಿದ್ದಾರೆ.

ಅದೇ ಹೂರಣವನ್ನು ಮೀನಿನ ಆಕಾರದ ಕಬ್ಬಿಣದ ಅಚ್ಚಿನಲ್ಲಿ ಹಿಟ್ಟಿನ ನಡುವೆ ಇಟ್ಟು ಸುಟ್ಟರೆ ತಾಯ್‌ಯಾಕಿ. ಅಂಗಡಿಯವನು "ತಾಯ್‌ಯಾಕಿ, ತಾಯ್‌ಯಾಕಿ" ಅಂತ ಕೂಗಿದಾಗ ನನಗೆ "ತಾಯಿ, ಯಾಕೆ?" ಅಂತಲೇ ಕೇಳಿಸಿ ಬೆಚ್ಚಿದೆ. ತಾಯ್ ಅಂದರೆ ಅವರ ಮದುವೆ ಮುಂಜಿಗೆ ತರುವ ದುಬಾರಿ ಮಂಗಳದ ಮೀನು. ಅದನ್ನು ಕೊಳ್ಳಲಾಗದ ಮಕ್ಕಳಿಗೆ ಹಿಟ್ಟಿನ ಮೀನು. 1909ರಲ್ಲಿ ಶುರುವಾದ ಒಂದು ಅಂಗಡಿಯಲ್ಲಿ ಇದು ಹುಟ್ಟಿದ್ದು ಅಂತಾರೆ, ಅಂಗಡಿ ಈಗಲೂ ಆಜಾಬು-ಜೂಬಾನ್ ಅನ್ನುವಲ್ಲಿ ಇದೆ. ಇಕ್ಕಳದಂಥ ಒಂಟಿ ಅಚ್ಚಿನಲ್ಲಿ ಒಂದೊಂದನ್ನೇ ಸುಡುವವರಿದ್ದಾರೆ, ಒಂದೇ ಹಲಗೆಯಲ್ಲಿ ಸಾಲಾಗಿ ಸುಡುವವರೂ ಇದ್ದಾರೆ. ಒಂಟಿ ಅಚ್ಚಿನದು 'ಕಡಲ ಮೀನು', ಹಲಗೆಯದು 'ಸಾಕಿದ ಮೀನು' ಅಂತ ಅವರ ತಮಾಷೆ. ನಿನಗೆ ಕಡಲ ಮೀನು ಸಿಕ್ಕರೆ ಬಿಡಬೇಡ, ಅಂಚು ತೆಳ್ಳಗೆ ಗರಿಗರಿಯಾಗಿರುತ್ತೆ. ಹಿಟ್ಟಿಗೆ ಮೊಟ್ಟೆ ಹಾಕುವವರೂ ಇದ್ದಾರೆ, ಅದನ್ನೂ ಕೇಳಿಕೋ.

ತಾಕೊಯಾಕಿ ಅಂಗಡಿ ಕಂಡರೆ ಕೊಳ್ಳದಿದ್ದರೂ ನಿಂತು ನೋಡು. ನಮ್ಮ ಪಡ್ಡಿನ ಹಂಚೇ, ಗುಳಿಗಳು ಹೆಚ್ಚು ಅಷ್ಟೆ. 1935ರಲ್ಲಿ ಒಸಾಕಾದಲ್ಲಿ ಹುಟ್ಟಿದ ತಿಂಡಿ. ಒಳಗೆ ಆಕ್ಟೋಪಸ್ ಚೂರು, ನನ್ನ ಪಾಲಿಗೆ ಅದು ನೋಟದ ಊಟ. ಆದರೆ ಆ ಹುಡುಗ ಚೂಪುಕಡ್ಡಿಯಲ್ಲಿ ಮೂವತ್ತು ಗುಳಿಯನ್ನು ಉಸಿರು ತೆಗೆಯುವುದರೊಳಗೆ ತಿರುಗಿಸಿದ್ದು ನೋಡಿ ನಾನು ನಲವತ್ತು ವರ್ಷ ಪಡ್ಡು ಮಾಡಿದ್ದಕ್ಕೆ ನಾಚಿಕೆಯಾಯಿತು. ನಾವು ಪೂರ್ತಿ ಬೇಯುವವರೆಗೆ ಕಾದು ಒಂದೇ ಸಲ ಮಗುಚುತ್ತೇವೆ. ಅವನು ಅರೆಬೆಂದಾಗಲೇ ಕಾಲು ಸುತ್ತು ತಿರುಗಿಸಿ, ಹಸಿಹಿಟ್ಟು ಕೆಳಗೆ ಇಳಿದು ತಾನಾಗಿ ಉಂಡೆ ಕಟ್ಟುವ ಹಾಗೆ ಮಾಡುತ್ತಾನೆ. ಬಂದ ಮೇಲೆ ನಮ್ಮ ಹಂಚಿನಲ್ಲಿ ಹಾಗೆ ಮಾಡಿದೆ. ಬಂತು.

ಎರಡನೇ ಸಲ ಹೋದದ್ದು ಚಳಿಯಲ್ಲಿ. ಸಂಜೆ ಒಂದು ಚಿಕ್ಕ ಲಾರಿ ಬೀದಿಯಲ್ಲಿ ರಾಗವಾಗಿ ಕೂಗಿಕೊಂಡು ಬರುತ್ತಿತ್ತು, ಬಿಸಿ ಕಲ್ಲಿನಲ್ಲಿ ಸುಟ್ಟ ಗೆಣಸು. ಈ ಗೆಣಸು ಅವರಲ್ಲಿಗೂ ಹೊರಗಿನದೇ. 1732ರಲ್ಲಿ ಬರಗಾಲ ಬಿದ್ದ ಮೇಲೆ ಆಓಕಿ ಕೊನ್ಯೋ ಅನ್ನುವ ವಿದ್ವಾಂಸ ಎದೋದಲ್ಲಿ ಬೆಳೆಸಿ ತೋರಿಸಿದ, 1735ರಲ್ಲಿ. ಜನ ಅವನನ್ನು ಗೆಣಸಿನ ಮೇಷ್ಟ್ರು ಅಂತಲೇ ಕರೆದರು. ಮೇಷ್ಟರಿಗೆ ಇದಕ್ಕಿಂತ ಒಳ್ಳೇ ಬಿರುದು ಇದೆಯಾ? ಗೆಣಸು ಮಾರುವವರ ಹಳೇ ಫಲಕದಲ್ಲಿ ಬರೀ 'ಹದಿಮೂರು ರಿ' ಅಂತ ಇರುತ್ತಿತ್ತಂತೆ. ರಿ ಅಂದರೆ ಸುಮಾರು ನಾಲ್ಕು ಕಿಲೋಮೀಟರಿನ ಹಳೇ ಅಳತೆ. ಚೆಸ್ಟ್‌ನಟ್ ಕಾಯಿಗೆ ಅವರು ಕುರಿ ಅಂತಾರೆ, ನಮ್ಮ ಮೇಯುವ ಕುರಿಯಲ್ಲ. ಕು-ರಿ ಅಂದರೆ ಒಂಬತ್ತು ರಿ ಅಂತಲೂ ಆಗುತ್ತೆ. 'ಯೊರಿ' ಅಂದರೆ 'ಗಿಂತ', ಯೊ-ರಿ ಅಂದರೆ ನಾಲ್ಕು ರಿ. 'ಕುರಿಗಿಂತ ರುಚಿ' ಅನ್ನುವುದು ಒಂಬತ್ತು ಕೂಡು ನಾಲ್ಕು, ಹದಿಮೂರು! ಗೆಣಸಿಗೆ ಹೆಸರಾದ ಕವಾಗೊಯೆ ಕೂಡ ಎದೋದಿಂದ ಸುಮಾರು ಹದಿಮೂರು ರಿ ದೂರದಲ್ಲೇ ಇದೆ. ಅವಧಾನಿಗಳು ಮೆಚ್ಚುವ ಶ್ಲೇಷೆ, ಗೆಣಸಿನ ಗಾಡಿಯ ಮೇಲೆ. ಕವಾಗೊಯೆಗೆ ಒಂದು ದಿನ ಹೋಗು, ಅಲ್ಲಿ ಮಿಠಾಯಿ ಅಂಗಡಿಗಳದೇ ಒಂದು ಗಲ್ಲಿ ಇದೆ.

ಮಿಠಾಯಿ ಅಂದಾಗ ಹೇಳಬೇಕು. ಮಕ್ಕಳ ಪುಡಿಗಾಸಿನ ತಿಂಡಿಗೆ ದಗಾಶಿ ಅಂತ ಹೆಸರು. ನಮ್ಮ ಕಮ್ಮರಕಟ್ಟು, ಪೆಪ್ಪರಮೆಂಟು ಇದ್ದಹಾಗೆ. ಉಮಾಯ್‌ಬೋ ಅನ್ನುವ ಜೋಳದ ಕುರುಕಲು ಕೊಳವೆ 1979ರಿಂದ ಹತ್ತೇ ಯೆನ್ ಇತ್ತು. 2022ರಲ್ಲಿ ಹನ್ನೆರಡು, 2024ರಲ್ಲಿ ಹದಿನೈದು ಆಯಿತು. ನಲವತ್ತಕ್ಕೂ ಹೆಚ್ಚು ವರ್ಷ ಒಂದೇ ಬೆಲೆ, ನಮ್ಮಲ್ಲಿ ಒಂದು ಬಾಳೆಹಣ್ಣಿಗೂ ಆ ಭಾಗ್ಯ ಇರಲಿಲ್ಲ. ಹಿಗುಚಿ ಇಚಿಯೋ ಅಂತ ಒಬ್ಬ ಹುಡುಗಿ, ನಿನಗಿಂತ ಚಿಕ್ಕವಳು, ತಂದೆ ಸತ್ತ ಮೇಲೆ ತಾಯಿ ತಂಗಿಯರನ್ನು ಸಾಕಲು 1893ರಲ್ಲಿ ಬಡವರ ಕೇರಿಯಲ್ಲಿ ಇಂಥದ್ದೇ ಒಂದು ಚಿಲ್ಲರೆ ಅಂಗಡಿ ಇಟ್ಟಳು. ವರ್ಷ ತುಂಬುವುದರೊಳಗೆ ಮುಚ್ಚಿತು. ಆದರೆ ಕಾಸು ಹಿಡಿದು ಬರುತ್ತಿದ್ದ ಆ ಕೇರಿಯ ಮಕ್ಕಳನ್ನು ಕಣ್ಣು ತುಂಬ ನೋಡಿದ್ದಳು, ಅವರನ್ನೇ ಕಥೆಯಾಗಿ ಬರೆದಳು. ಇಪ್ಪತ್ತನಾಲ್ಕಕ್ಕೆ ತೀರಿಕೊಂಡಳು. ಐದು ಸಾವಿರ ಯೆನ್ ನೋಟಿನ ಮೇಲೆ 2004ರಿಂದ ಇಪ್ಪತ್ತು ವರ್ಷ ಇದ್ದದ್ದು ಅವಳ ಮುಖವೇ. ಆ ಹಳೇ ನೋಟು ಈಗಲೂ ಕೈಗೆ ಬರುತ್ತೆ. ಬಂದರೆ ಒಂದನ್ನು ಖರ್ಚು ಮಾಡದೆ ಇಟ್ಟುಕೋ.

ತ್ಸುಕಿಶಿಮಾದ ಮೊಂಜಾ ದೋಸೆಯನ್ನು ಬೇಕಾದರೆ ಗೆಳತಿಯರ ಜೊತೆ ತಿನ್ನು, ನನಗೆ ಹಿಡಿಸಲಿಲ್ಲ, ಅರೆಬೆಂದ ಹಿಟ್ಟಿನ ಗೊಜ್ಜು. ಆದರೆ ಅದರ ಹುಟ್ಟು ಮಾತ್ರ ಚೆನ್ನ. ಹಿಂದೆ ಮಿಠಾಯಿ ಅಂಗಡಿಯಲ್ಲಿ ಮಕ್ಕಳು ಕಾದ ಹಂಚಿನ ಮೇಲೆ ತೆಳ್ಳನೆ ಹಿಟ್ಟಿನಿಂದ ಅಕ್ಷರ ಬರೆದು, ಬೆಂದ ಮೇಲೆ ತಿನ್ನುತ್ತಿದ್ದರಂತೆ. ಅಕ್ಷರದ ಸುಡುತಿಂಡಿ ಅನ್ನುವ ಅರ್ಥದ ಮೊಜಿಯಾಕಿಯೇ ಬಾಯಲ್ಲಿ ಮೊಂಜಾ ಆಯಿತು. ನಿನಗೆ ನಾನು ತಟ್ಟೆಯ ಅಕ್ಕಿಯಲ್ಲಿ 'ಅ' ತಿದ್ದಿಸಿದಾಗ ನೀನು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡೆ. ಟೋಕಿಯೋದಲ್ಲಿ ಹುಟ್ಟಬೇಕಿತ್ತು.

ಶಿಬಾಮಾತಾ ಅಂತ ಒಂದು ಸ್ಟೇಷನ್ ಹೆಸರು ನೋಡಿ ಯಾವುದೋ ದೇವಿಯ ಕ್ಷೇತ್ರ ಅಂದುಕೊಂಡು ಹೋದೆ. ದೇವಿಯಲ್ಲ, ಇಂದ್ರ. ತೈಶಾಕುತೆನ್ ಅಂತ ಕರೆಯುವ ಅಲ್ಲಿನ ದೇವರು ನಮ್ಮ ದೇವೇಂದ್ರನೇ, ಬೌದ್ಧರ ಜೊತೆ ಚೀನಾ ದಾಟಿ ಹೋದವನು. ನಮ್ಮಲ್ಲಿ ಅವನಿಗೆ ಗುಡಿಯೇ ಅಪರೂಪ. ಅಲ್ಲಿ ಗುಡಿಯ ಮುಂದೆ ಸಾಲು ದಂಗೊ ಅಂಗಡಿ! ಅಲ್ಲಿನ ವಿಶೇಷ ಹಸಿರು ದಂಗೊ, ಯೊಮೊಗಿ ಸೊಪ್ಪು ಅರೆದು ಸೇರಿಸಿದ್ದು. ಮೂಸಿ ನೋಡು, ನಮ್ಮ ಮಾಚಿಪತ್ರೆ, ದವನದ ಕುಲದ್ದೇ ಸೊಪ್ಪು. ಗಣಪತಿಗೆ ಏರಿಸುವುದನ್ನು ಅವರು ಉಂಡೆಗೆ ಅರೆಯುತ್ತಾರೆ. ಅಲ್ಲಿನ ಜನಕ್ಕೆ ಇಂದ್ರನಷ್ಟೇ ಮುಖ್ಯ ತೋರಾ-ಸಾನ್. ಯಮಾದಾ ಯೋಜಿಯವರ ಸಿನಿಮಾ ಮಾ‌ಲೆಯ ನಾಯಕ, ಜಾತ್ರೆಯಿಂದ ಜಾತ್ರೆಗೆ ಅಲೆದು ಸರಕು ಮಾರುವವನು. ಅವನ ಮನೆಯವರದು ಇದೇ ಬೀದಿಯಲ್ಲಿ ದಂಗೊ ಅಂಗಡಿ. 1969ರಿಂದ 1995ರವರೆಗೆ ಆತ್ಸುಮಿ ಕಿಯೋಶಿ ಆ ಪಾತ್ರದಲ್ಲಿ 48 ಸಿನಿಮಾ ಮಾಡಿದರು. ಪ್ರತಿ ಸಲವೂ ಮನೆಗೆ ಬರುತ್ತಾನೆ, ಯಾರನ್ನೋ ಪ್ರೀತಿಸುತ್ತಾನೆ, ಆಗದೆ ಮತ್ತೆ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆ. ಸ್ಟೇಷನ್ ಮುಂದೆ ಅವನ ಪ್ರತಿಮೆ ಇದೆ, ಹೊರಟವನು ತಿರುಗಿ ನೋಡುವ ಭಂಗಿಯಲ್ಲಿ. ಬೀಳ್ಕೊಡುವ ತಂಗಿಯ ಪ್ರತಿಮೆಯನ್ನು ಆಮೇಲೆ ಸೇರಿಸಿದರು. ನಿನ್ನ ಮಾವನನ್ನು ಬಿಟ್ಟು ಬರುವ ಹಿಂದಿನ ದಿನ ಅಲ್ಲಿಗೆ ಹೋಗಿದ್ದೆ, ಹೋಗಬಾರದಿತ್ತು.

ಇನ್ನು ಸಣ್ಣಪುಟ್ಟದ್ದು. ಚಿಲ್ಲರೆ ಇಟ್ಟುಕೋ, ಹಳೇ ಅಂಗಡಿಗಳು ಕಾರ್ಡು ಮುಟ್ಟುವುದಿಲ್ಲ. ದುಡ್ಡು ಕೈಗೆ ಕೊಡಬೇಡ, ಮುಂದೆ ಒಂದು ಪುಟ್ಟ ತಟ್ಟೆ ಇರುತ್ತೆ, ಅದರಲ್ಲಿಡು. ಟಿಪ್ಸು ಅಂತ ಮೇಲೆ ಬಿಡಬೇಡ, ಮರೆತು ಹೋದೆ ಅಂತ ಹಿಂದೆಯೇ ಓಡಿ ಬರುತ್ತಾರೆ. ಕಟ್ಟಿಸಿಕೊಂಡರೆ ತೆರಿಗೆ ನೂರಕ್ಕೆ ಎಂಟು, ಅವರ ಬೆಂಚಿನಲ್ಲಿ ಕೂತು ತಿಂದರೆ ಹತ್ತು. 2019ರಿಂದ ಹಾಗೆ. ಆ ಎರಡು ಕೊಡು, ಕೂತು ತಿನ್ನು. ತಿನ್ನುವ ಮೊದಲು "ಇತದಾಕಿಮಸು", ಮುಗಿಸಿ "ಗೋಚಿಸೋಸಮಾ". ಎರಡನೆಯದು ಊಟಕ್ಕೆ ಹೇಳುವ ಕೃತಜ್ಞತೆ, ಮಾಡಿದವರ ಮುಖ ನೋಡಿ ಹೇಳು. ನಡೆದುಹೋಗಿಬಿಟ್ಟರೆ ಅದನ್ನು ಯಾರಿಗೆ ಹೇಳುತ್ತೀಯ?

ಒಂದೇ ಅಂಗಡಿಗೆ ಮೂರು ಸಲ ಹೋಗು, ಮೂರು ಅಂಗಡಿಗೆ ಒಂದೊಂದು ಸಲ ಹೋಗುವ ಬದಲು. ಸುನಾಮಾಚಿಯಲ್ಲಿ ಸೆಂಬೆ ಅನ್ನುವ ಅಕ್ಕಿಯ ಬಿಲ್ಲೆ ಸುಡುವ ಒಬ್ಬ ಮುದುಕ ನಾಲ್ಕನೇ ಸಲ ನನ್ನನ್ನು ಕಂಡಾಗ ಕೇಳದೆಯೇ ಒಂದು ಬಿಸಿ ಬಿಲ್ಲೆಗೆ ಎರಡನೇ ಸಲ ಸೋಯಾ ಬಳಿದು ಕೊಟ್ಟ. ಅದು ಮೆನುವಿನಲ್ಲಿ ಇರಲಿಲ್ಲ. ಎರಡನೇ ಪ್ರವಾಸಕ್ಕೆ ಹೋದಾಗ ಆ ಅಂಗಡಿಯ ಶಟರು ಎಳೆದಿತ್ತು, ಮೇಲೆ ಕೈಬರಹದ ಒಂದು ಕಾಗದ. ಸೊಸೆಯಿಂದ ಓದಿಸಿದೆ. ಇಷ್ಟು ವರ್ಷ ಬಂದದ್ದಕ್ಕೆ ಕೃತಜ್ಞತೆ, ಮುಂದುವರಿಸುವವರು ಇಲ್ಲ ಅಂತ ಬರೆದಿತ್ತು. ಅಂಥ ಶಟರುಗಳು ಅಲ್ಲಿ ಬೇಕಾದಷ್ಟು. ನಿನ್ನ ಪಟ್ಟಿಯಲ್ಲಿರುವವುಗಳಿಗೆ ಆ ಕಷ್ಟವಿಲ್ಲ, ನೀನು ಹೋಗದಿದ್ದರೂ ನಡೆಯುತ್ತವೆ.

ಬರುವಾಗ ನನಗೆ ದೈಫುಕು ತರುತ್ತೇನೆ ಅಂದೆಯಲ್ಲ, ತರಬೇಡ. ಮೋಚಿ ಮರುದಿನಕ್ಕೇ ಗಟ್ಟಿಯಾಗುತ್ತೆ, ಅದನ್ನು ಅವತ್ತೇ ಅಲ್ಲೇ ತಿನ್ನಬೇಕು.

ಈ ಕಾಗದದ ಜೊತೆ ಒಂದು ನೀಲಿ ಹೂವಿನ ತೆಳು ಬಟ್ಟೆ ಮಡಿಸಿ ಇಟ್ಟಿದ್ದೇನೆ. ಅದಕ್ಕೆ ತೆನುಗುಯಿ ಅಂತಾರೆ, ಅಂಚು ಹೊಲಿದಿರುವುದಿಲ್ಲ, ಬೇಗ ಒಣಗುತ್ತೆ. ಒಂದು ಮೂಲೆಯಲ್ಲಿ ಸಣ್ಣ ಕಲೆ ಇದೆ, ಎಷ್ಟು ಒಗೆದರೂ ಹೋಗಲಿಲ್ಲ. ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಡ. ಬೆರಳು ಒರೆಸಿಕೋ.

ನಿನ್ನ
ಅಜ್ಜಿ